ಹುಟ್ಟುಗುಣ ಸುಟ್ಟರೂ ಹೋಗದೇ? ವರ್ತನೆಯ ಹಿಂದಿನ ಜೀವವಿಜ್ಞಾನ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮನೆಯಲ್ಲಿ ಸಿಡುಕುವವನೊಬ್ಬನಿದ್ದರೆ ‘ಅವರಪ್ಪನೂ ಹೀಗೇ ಇದ್ದ’ ಎನ್ನುತ್ತೇವೆ. ಓದಿನಲ್ಲಿ ಹಿಂದುಳಿದ ಮಗುವಿಗೆ ‘ಅದರ ತಲೆಯೇ ಅಷ್ಟು’ ಎಂದು ಷರಾ ಬರೆದುಬಿಡುತ್ತೇವೆ. ಈಚೆಗೆ ಇದೇ ಮಾತು ಬಿಳಿ ಕೋಟು ತೊಟ್ಟು ಬಂದಿದೆ: ‘ಅದು ಅವನ ಡಿಎನ್‌ಎಯಲ್ಲೇ ಇದೆ’, ‘ಅವಳಿಗೆ ಡೋಪಮೈನ್ ಜಾಸ್ತಿ’, ‘ಇವನದು ಎಡ ಮಿದುಳು’. ಮಾತು ಹೊಸದು, ತೀರ್ಪು ಹಳೆಯದೇ. ಹುಟ್ಟುವಾಗಲೇ ಬಂದಿದ್ದು, ಇನ್ನೇನೂ ಮಾಡಲಾಗದು.

ಇದಕ್ಕೆ ತದ್ವಿರುದ್ಧವಾದ ಮಾತೂ ಅದೇ ಮನೆಯಲ್ಲಿ ಕೇಳುತ್ತದೆ. ಖಿನ್ನತೆಯಿಂದ ಹಾಸಿಗೆ ಬಿಟ್ಟು ಏಳಲಾಗದವರಿಗೆ ‘ಎಲ್ಲಾ ನಿನ್ನ ಮನಸ್ಸಿನದ್ದು, ಮನಸ್ಸು ಗಟ್ಟಿ ಮಾಡ್ಕೋ’ ಎಂಬ ಉಪದೇಶ ಸಿಗುತ್ತದೆ. ಒಂದು ಮಾತಿನ ಪ್ರಕಾರ ತೊಂದರೆ ಇರುವುದು ದೇಹದಲ್ಲಿ, ಹಾಗಾಗಿ ಪ್ರಯತ್ನ ವ್ಯರ್ಥ. ಇನ್ನೊಂದರ ಪ್ರಕಾರ ತೊಂದರೆ ದೇಹದಲ್ಲೇ ಇಲ್ಲ, ಹಾಗಾಗಿ ವೈದ್ಯರು ಬೇಡ. ಎರಡೂ ತಪ್ಪು, ಮತ್ತು ಎರಡರಿಂದಲೂ ಜನ ಸಕಾಲಕ್ಕೆ ಸಿಗಬೇಕಾದ ನೆರವನ್ನು ಕಳೆದುಕೊಳ್ಳುತ್ತಿದ್ದಾರೆ. ಹಾಗಾದರೆ ನಮ್ಮ ವರ್ತನೆಗೂ ನಮ್ಮ ದೇಹಕ್ಕೂ ಇರುವ ನಂಟು ಎಂಥದ್ದು?

ಎದೆಯಿಂದ ತಲೆಗೆ

ನಮ್ಮ ಭಾಷೆಯನ್ನೇ ನೋಡಿ. ಧೈರ್ಯಕ್ಕೆ ಎದೆಗಾರಿಕೆ ಎನ್ನುತ್ತೇವೆ. ಮತ್ಸರ ಹೊಟ್ಟೆಕಿಚ್ಚು. ಮರುಕ ಹುಟ್ಟಿದರೆ ಕರುಳು ಚುರುಕ್ ಎನ್ನುತ್ತದೆ. ತಲೆಗೆ ಉಳಿದಿದ್ದು ಲೆಕ್ಕ ಮತ್ತು ತಲೆಬಿಸಿ ಮಾತ್ರ! ಇದು ಕನ್ನಡಿಗರದ್ದಷ್ಟೇ ಕಲ್ಪನೆಯಲ್ಲ. ಗ್ರೀಸಿನ ಅರಿಸ್ಟಾಟಲ್ ಕೂಡ ಬುದ್ಧಿ, ಭಾವನೆಗಳ ನೆಲೆ ಹೃದಯವೆಂದೇ ನಂಬಿದ್ದ. ಆದರೆ ಅವನಿಗಿಂತ ಮುಂಚೆಯೇ, ಹಿಪೊಕ್ರಾಟಿಸನ ಪರಂಪರೆಗೆ ಸೇರಿದ ವೈದ್ಯರು ಮೂರ್ಛೆ ರೋಗ ದೇವರ ಶಾಪವಲ್ಲ, ಅದು ಮಿದುಳಿನಿಂದ ಬರುವ ಕಾಯಿಲೆ ಎಂದು ಬರೆದಿಟ್ಟಿದ್ದರು. ಎರಡು ಸಾವಿರ ವರ್ಷಗಳ ಮೇಲಾದರೂ ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ತುರುಕುವುದು ನಿಂತಿಲ್ಲ. ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಹೆಸರು ಮಾತ್ರ ಬೀಗದ ಕೈಗೆ ಬರುತ್ತದೆ. (ಮಾಡಬೇಕಾದ್ದು ಇಷ್ಟೇ: ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ.)

ಮಿದುಳಿನ ಯಾವ ಭಾಗ ಯಾವ ಕೆಲಸ ಮಾಡುತ್ತದೆ ಎಂಬುದಕ್ಕೆ ಗಟ್ಟಿಯಾದ ಪುರಾವೆ ಸಿಕ್ಕಿದ್ದು 1861ರಲ್ಲಿ. ಪ್ಯಾರಿಸ್‌ನ ಆಸ್ಪತ್ರೆಯೊಂದರಲ್ಲಿ ಲೆಬೋರ್ನ್ ಎಂಬ ರೋಗಿಯಿದ್ದ. ಬೇರೆಯವರ ಮಾತು ಅವನಿಗೆ ಅರ್ಥವಾಗುತ್ತಿತ್ತು. ಆದರೆ ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದುದು ‘ಟಾನ್’ ಎಂಬ ಒಂದೇ ಸದ್ದು. ಅವನು ತೀರಿಕೊಂಡ ಮೇಲೆ ವೈದ್ಯ ಪಾಲ್ ಬ್ರೋಕಾ ಮಿದುಳನ್ನು ಪರೀಕ್ಷಿಸಿದಾಗ ಎಡಗಡೆಯ ಮುಂಭಾಗದಲ್ಲಿ ಹಾನಿ ಕಂಡಿತು. ಇಂದು ಲಕ್ವ ಹೊಡೆದು ಬಲಗೈ ಬಿದ್ದುಹೋದವರಲ್ಲಿ ಎಷ್ಟೋ ಮಂದಿಗೆ ಮಾತೂ ನಿಂತುಹೋಗುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಬಲಗೈಯನ್ನು ಆಡಿಸುವುದೂ ಎಡ ಮಿದುಳೇ, ಬಹುತೇಕರಲ್ಲಿ ಮಾತಿನ ಕೇಂದ್ರ ಇರುವುದೂ ಅಲ್ಲೇ. ಹಾಗೆಂದು ‘ಎಡ ಮಿದುಳಿನವರು ಲೆಕ್ಕಿಗರು, ಬಲ ಮಿದುಳಿನವರು ಕಲಾವಿದರು’ ಎಂಬ ವಿಂಗಡಣೆಗೆ ಇದರಿಂದ ಯಾವ ಬೆಂಬಲವೂ ಸಿಗುವುದಿಲ್ಲ. ಹಾಡುವಾಗಲೂ ಲೆಕ್ಕ ಹಾಕುವಾಗಲೂ ಎರಡು ಭಾಗಗಳೂ ಒಟ್ಟಿಗೆ ದುಡಿಯುತ್ತವೆ.

ಕಬ್ಬಿಣದ ಸರಳು ಮತ್ತು ಪಾಠಪುಸ್ತಕದ ಅವಸರ

ಮನಃಶಾಸ್ತ್ರದ ಆರಂಭಿಕ ಪಠ್ಯಗಳಲ್ಲಿ ‘ವರ್ತನೆಯ ಜೈವಿಕ ನೆಲೆ’ ಎಂಬ ಅಧ್ಯಾಯ ಬಂದಾಗಲೆಲ್ಲ ಫಿನಿಯಸ್ ಗೇಜ್‌ನ ಕಥೆ ಬರುತ್ತದೆ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಳಿಗಾಗಿ ಬಂಡೆ ಸಿಡಿಸುವ ಕೆಲಸ ನಡೆದಿತ್ತು. 25 ವರ್ಷದ ಮೇಸ್ತ್ರಿ ಗೇಜ್ ಸಿಡಿಮದ್ದನ್ನು ಗಿಡಿಯುತ್ತಿದ್ದಾಗ ಅದು ಸ್ಫೋಟಿಸಿ, ಮೂರೂವರೆ ಅಡಿಗಿಂತ ಉದ್ದದ, ಸುಮಾರು ಆರು ಕಿಲೋ ತೂಕದ ಕಬ್ಬಿಣದ ಸರಳು ಅವನ ಎಡ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಅವನು ಬದುಕಿದ. ಆದರೆ ಮೊದಲು ಜವಾಬ್ದಾರಿಯುತನಾಗಿದ್ದವನು ಆಮೇಲೆ ಬಾಯಿಗೆ ಬಂದಂತೆ ಬೈಯುವ, ಯಾವ ಯೋಜನೆಗೂ ಅಂಟಿಕೊಳ್ಳದ ಮನುಷ್ಯನಾದ ಎಂದು ಅವನ ವೈದ್ಯ ಜಾನ್ ಹಾರ್ಲೋ ಬರೆದ. ಹಣೆಯ ಹಿಂದಿನ ಮಿದುಳು ಹಾಳಾದರೆ ಸ್ವಭಾವವೇ ಕೆಡುತ್ತದೆ ಎಂದು ಹೇಳಿ ಪಾಠ ಮುಗಿಯುತ್ತದೆ.

ಕಥೆ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. ಗೇಜ್ ಅನಂತರ ಕುದುರೆ ಲಾಯದಲ್ಲಿ ದುಡಿದ. ಆಮೇಲೆ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಪ್ರಯಾಣಿಕರ ಕುದುರೆ ಸಾರೋಟು ಓಡಿಸಿದ. ಹೊತ್ತಿಗೆ ಸರಿಯಾಗಿ ಏಳಬೇಕು, ಹಲವು ಕುದುರೆಗಳ ಲಗಾಮನ್ನು ಒಟ್ಟಿಗೆ ಹಿಡಿಯಬೇಕು, ಪರಭಾಷೆಯ ಪ್ರಯಾಣಿಕರೊಂದಿಗೆ ವ್ಯವಹರಿಸಬೇಕು. ತಲೆಕೆಟ್ಟವನಿಂದ ಆಗುವ ಕೆಲಸವಲ್ಲ. ದಿನವೂ ಒಂದೇ ಕ್ರಮದಲ್ಲಿ ನಡೆಯುವ ಈ ದುಡಿಮೆಯೇ ಅವನಿಗೆ ಮರಳಿ ಹಿಡಿತ ಸಾಧಿಸಲು ನೆರವಾಗಿರಬಹುದು ಎಂದು ಅವನ ಬದುಕನ್ನು ಕೆದಕಿ ನೋಡಿದ ಸಂಶೋಧಕರು ಭಾವಿಸುತ್ತಾರೆ. 1860ರಲ್ಲಿ, ಫಿಟ್ಸ್ ಕಾಣಿಸಿಕೊಂಡ ಬಳಿಕ, ಅವನು ತೀರಿಕೊಂಡ. ನಮ್ಮ ದೃಷ್ಟಿಯಲ್ಲಿ ಗೇಜ್‌ನ ಕಥೆಯ ಮುಖ್ಯ ಭಾಗ ಚಿಲಿಯದ್ದು. ಮಿದುಳಿಗೆ ಪೆಟ್ಟು ಬಿದ್ದು ವರ್ತನೆ ಬದಲಾಯಿತು ಎಂಬುದು ಅರ್ಧ ಸತ್ಯ. ಪೆಟ್ಟು ಬಿದ್ದ ಮಿದುಳೂ ಮತ್ತೆ ಕಲಿಯಬಲ್ಲದು ಎಂಬುದು ಉಳಿದರ್ಧ. ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ‘ಮೊದಲಿನ ಹಾಗಿಲ್ಲ’ ಎನಿಸಿಕೊಂಡವರ ಮನೆಯವರಿಗೆ ಈ ಉಳಿದರ್ಧ ಗೊತ್ತಿರಬೇಕು.

ಉಪ್ಪಿನಲ್ಲಿದ್ದ ಉತ್ತರ

ವರ್ತನೆಯ ಜೈವಿಕ ನೆಲೆ ಎಂದರೆ ಮಿದುಳು ಮಾತ್ರ ಅಲ್ಲ. ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಥೈರಾಯ್ಡ್ ಗ್ರಂಥಿಯಿದೆ. ಅದು ಹಾರ್ಮೋನು ತಯಾರಿಸಬೇಕಾದರೆ ಅಯೋಡಿನ್ ಬೇಕು. ಹಿಮಾಲಯದ ತಪ್ಪಲಿನ ಮಣ್ಣಿನಲ್ಲಿ ಅಯೋಡಿನ್ ಕಡಿಮೆ, ಹಾಗಾಗಿ ಅಲ್ಲಿ ಬೆಳೆಯುವ ಆಹಾರದಲ್ಲೂ ಕಡಿಮೆ. ಆ ಊರುಗಳಲ್ಲಿ ಕತ್ತು ಊದಿಕೊಳ್ಳುವ ಗಳಗಂಡ ಸಾಮಾನ್ಯವಾಗಿತ್ತು. ತಾಯಿ ಬಸುರಿಯಾಗಿದ್ದಾಗ ಅಯೋಡಿನ್ ತೀರಾ ಕಡಿಮೆಯಾದರೆ ಮಗುವಿನ ಮಿದುಳೇ ಸರಿಯಾಗಿ ಬೆಳೆಯುವುದಿಲ್ಲ. ಕೆಲವು ಮಕ್ಕಳು ಕಿವುಡು ಮೂಕರಾಗಿ, ಬುದ್ಧಿ ಬೆಳೆಯದೆ ಉಳಿಯುತ್ತಿದ್ದರು. ಕೊರತೆ ಅಷ್ಟು ತೀವ್ರವಲ್ಲದ ಕಡೆ ಮಕ್ಕಳು ಬರೀ ಮಂದವಾಗಿ, ಓದಿನಲ್ಲಿ ಹಿಂದೆ ಬಿದ್ದವರಾಗಿ ಕಾಣುತ್ತಿದ್ದರು. ಊರವರ ಕಣ್ಣಿಗೆ ಅದು ಪೂರ್ವಜನ್ಮದ ಕರ್ಮವೋ ವಂಶದ ದೋಷವೋ ಆಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅಜ್ಜನಿಗೂ ಗಳಗಂಡ, ಅಪ್ಪನಿಗೂ ಗಳಗಂಡ, ಮಗ ಮಂಕು. ‘ಹುಟ್ಟುಗುಣ’ಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಈಗ ಹಿಮಾಚಲ ಪ್ರದೇಶದಲ್ಲಿರುವ ಕಾಂಗ್ರಾ ಕಣಿವೆಯನ್ನು ಮೂರು ವಲಯಗಳಾಗಿ ಮಾಡಿಕೊಂಡರು. ಎರಡು ವಲಯಗಳಿಗೆ ಅಯೋಡಿನ್ ಬೆರೆಸಿದ ಉಪ್ಪು, ನಡುವಿನ ಒಂದಕ್ಕೆ ಮಾಮೂಲಿ ಉಪ್ಪು. ಕೆಲವೇ ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ಕಡೆ ಶಾಲಾಮಕ್ಕಳ ಗಳಗಂಡ ಗಣನೀಯವಾಗಿ ಇಳಿಯಿತು. ಮಾಮೂಲಿ ಉಪ್ಪಿನ ವಲಯದಲ್ಲಿ ಇಳಿಯಲಿಲ್ಲ. ಅಲ್ಲಿಗೂ ಅಯೋಡಿನ್ ಉಪ್ಪು ಕೊಡತೊಡಗಿದ ಮೇಲೆ ಅಲ್ಲೂ ಇಳಿಯಿತು. 1962ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುಮಾಡಿತು. ಇಂದು ನಮ್ಮ ಅಡುಗೆಮನೆಯ ಉಪ್ಪಿನ ಪೊಟ್ಟಣದ ಮೇಲೆ ನಗುವ ಸೂರ್ಯನ ಗುರುತಿದ್ದರೆ, ಅದರ ಹಿಂದೆ ಕಾಂಗ್ರಾದ ಆ ಮಕ್ಕಳಿದ್ದಾರೆ. ‘ನೈಸರ್ಗಿಕ’ ಎಂಬ ಹೆಸರಿನಲ್ಲಿ ಅಯೋಡಿನ್ ಇಲ್ಲದ ಕಲ್ಲುಪ್ಪು, ಗುಲಾಬಿ ಉಪ್ಪನ್ನೇ ಬಳಸುವವರು, ಅದರಲ್ಲೂ ಮನೆಯಲ್ಲಿ ಬಸುರಿಯರಿದ್ದರೆ, ಇದನ್ನೊಮ್ಮೆ ನೆನೆಯುವುದು ಒಳ್ಳೆಯದು.

ಹುಟ್ಟುವಾಗಲೇ ಥೈರಾಯ್ಡ್ ಕೆಲಸ ಮಾಡದ ಶಿಶುಗಳೂ ಇರುತ್ತವೆ. ನೋಡಲು ಆರೋಗ್ಯವಾಗಿಯೇ ಇರುತ್ತವೆ. ಹುಟ್ಟಿದ ಮೊದಲ ದಿನಗಳಲ್ಲಿ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪರೀಕ್ಷಿಸಿದರೆ ಗೊತ್ತಾಗುತ್ತದೆ. ಎರಡು ವಾರದೊಳಗೆ ಥೈರಾಕ್ಸಿನ್ ಮಾತ್ರೆ ಅರೆದು ಕೊಡಲು ಶುರುಮಾಡಿದರೆ ಬಹುತೇಕ ಮಕ್ಕಳು ಎಲ್ಲರಂತೆ ಬೆಳೆಯುತ್ತಾರೆ. ತಡವಾದರೆ ಬುದ್ಧಿಮಟ್ಟಕ್ಕೆ ಆದ ನಷ್ಟ ಪೂರ್ತಿ ತುಂಬುವುದಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಮಾಡುತ್ತೀರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಜೀನಿನ ಕಥೆಯೂ ಹೀಗೆಯೇ. ಫಿನೈಲ್‌ಕೀಟೊನ್ಯೂರಿಯ ಎಂಬ ಕಾಯಿಲೆ ಅಪ್ಪ ಅಮ್ಮ ಇಬ್ಬರಿಂದಲೂ ಬಂದ ದೋಷಯುಕ್ತ ಜೀನಿನದ್ದು. ಆಹಾರದ ಪ್ರೊಟೀನಿನಲ್ಲಿರುವ ಒಂದು ಅಂಶವನ್ನು ಒಡೆಯಲಾಗದೆ ಅದು ರಕ್ತದಲ್ಲಿ ಸೇರುತ್ತ ಹೋಗಿ ಮಿದುಳನ್ನು ಕೆಡಿಸುತ್ತದೆ. ಆದರೆ ಮಗುವಿಗೆ ಮೊದಲಿನಿಂದಲೇ ಆ ಅಂಶ ಕಡಿಮೆಯಿರುವ ಆಹಾರ ಕೊಟ್ಟರೆ ಬುದ್ಧಿ ಸರಿಯಾಗಿಯೇ ಬೆಳೆಯುತ್ತದೆ. ಜೀನು ಬದಲಾಗಿಲ್ಲ, ತಟ್ಟೆ ಬದಲಾಯಿತು. ಹಂಟಿಂಗ್ಟನ್ ಕಾಯಿಲೆಯಂಥ ಕ್ರೂರ ಅಪವಾದಗಳೂ ಇವೆ, ಅಲ್ಲಿ ಒಂದೇ ಜೀನಿನ ಒಂದೇ ಪ್ರತಿ ಕೆಟ್ಟರೂ ಸಾಕು, ತಡೆಯುವ ದಾರಿ ಇನ್ನೂ ಸಿಕ್ಕಿಲ್ಲ. ಆದರೆ ಸ್ವಭಾವ, ಬುದ್ಧಿ, ಮಾನಸಿಕ ಕಾಯಿಲೆಗಳು ಹಾಗಲ್ಲ, ಅವುಗಳ ಹಿಂದೆ ಸಾವಿರಾರು ಜೀನುಗಳ ಸಣ್ಣ ಸಣ್ಣ ಪಾಲಿದೆ. ಒಂದೇ ಡಿಎನ್‌ಎ ಹೊತ್ತ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಬಂದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಹೆಚ್ಚೆಂದರೆ ಅರ್ಧದಷ್ಟು. ‘ಅವರ ಮನೆತನದಲ್ಲೇ ಹುಚ್ಚಿದೆ’ ಎಂದು ಸಂಬಂಧ ಮುರಿಯುವವರು ಈ ಲೆಕ್ಕವನ್ನು ಕೇಳಿರುವುದಿಲ್ಲ.

ಡೋಪಮೈನ್ ಮತ್ತು ಜೂಜು

ಮೊಬೈಲ್ ನೋಡಿದರೂ ಡೋಪಮೈನ್, ಮೈಸೂರು ಪಾಕ್ ತಿಂದರೂ ಡೋಪಮೈನ್ ಎನ್ನುವ ಕಾಲ ಇದು. ಡೋಪಮೈನ್ ಎಂದರೆ ‘ಖುಷಿಯ ರಾಸಾಯನಿಕ’ ಎಂಬ ಮಾತು ಅರೆಬೆಂದದ್ದು. 1990ರ ದಶಕದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಮಂಗಗಳ ಮಿದುಳಿನಲ್ಲಿ ಡೋಪಮೈನ್ ಕೋಶಗಳ ಮಿಡಿತವನ್ನು ಅಳೆದರು. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಕೋಶಗಳು ಜೋರಾಗಿ ಮಿಡಿದವು. ದೀಪ ಹೊತ್ತಿಕೊಂಡ ಮೇಲೆ ರಸ ಬರುತ್ತದೆ ಎಂದು ಮಂಗ ಕಲಿತ ಬಳಿಕ ಮಿಡಿತ ದೀಪಕ್ಕೆ ಬಂತು, ರಸಕ್ಕಲ್ಲ. ದೀಪ ಹೊತ್ತಿಯೂ ರಸ ಬಾರದಿದ್ದಾಗ ಮಿಡಿತ ಕುಸಿಯಿತು. ಅಂದರೆ ಈ ಕೋಶಗಳು ಹಿಡಿಯುವ ಲೆಕ್ಕ ಸುಖದ್ದಲ್ಲ, ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ಅಂತರದ್ದು.

ಇದು ಪ್ರಯೋಗಾಲಯದ ಕುತೂಹಲವಷ್ಟೇ ಅಲ್ಲ. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ನಡುಮಿದುಳಿನ ಡೋಪಮೈನ್ ಕೋಶಗಳು ಸಾಯುತ್ತವೆ. ಕೈ ನಡುಗುತ್ತದೆ, ನಡಿಗೆ ನಿಧಾನವಾಗುತ್ತದೆ. ಪ್ರಮಿಪೆಕ್ಸೋಲ್‌ನಂಥ ಕೆಲವು ಮಾತ್ರೆಗಳು ಡೋಪಮೈನ್‌ನ ಕೆಲಸವನ್ನು ತಾವೇ ಮಾಡಿ ನೆರವಾಗುತ್ತವೆ. ಆದರೆ ಇವನ್ನು ನುಂಗುವ ಕೆಲವರಲ್ಲಿ ವಿಚಿತ್ರ ಬದಲಾವಣೆ ಕಂಡುಬಂತು. ಜೀವನದಲ್ಲಿ ಇಸ್ಪೀಟು ಮುಟ್ಟದವರು ಜೂಜಿಗೆ ಬಿದ್ದರು. ಮಿತವಾಗಿ ಖರ್ಚು ಮಾಡುತ್ತಿದ್ದವರು ಸಿಕ್ಕಿದ್ದನ್ನೆಲ್ಲ ಕೊಳ್ಳತೊಡಗಿದರು. ಕೆಲವರಿಗೆ ಹೊಟ್ಟೆಬಾಕತನ, ಕೆಲವರಿಗೆ ಹಿಡಿತ ಮೀರಿದ ಕಾಮಾಸಕ್ತಿ. ಅಮೆರಿಕ ಮತ್ತು ಕೆನಡಾದ 3,000ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದವರ ಪೈಕಿ ಶೇ. 17ರಷ್ಟು ಮಂದಿಗೆ ಇಂಥ ತೊಂದರೆ ಇತ್ತು. ತೆಗೆದುಕೊಳ್ಳದವರಲ್ಲಿ ಅದು ಸುಮಾರು ಶೇ. 7.

ಎಪ್ಪತ್ತರ ವಯಸ್ಸಿನ ತಂದೆ ಆನ್‌ಲೈನ್ ರಮ್ಮಿಯಲ್ಲಿ ಪಿಂಚಣಿ ಕಳೆದುಕೊಂಡರೆ ಮನೆಯವರು ಏನನ್ನುತ್ತಾರೆ? ‘ವಯಸ್ಸಾದ ಮೇಲೆ ಬುದ್ಧಿ ಕೆಟ್ಟಿತು.’ ಅವರೂ ನಾಚಿಕೆಯಿಂದ ವೈದ್ಯರ ಮುಂದೆ ಬಾಯಿ ಬಿಡುವುದಿಲ್ಲ. ಹೇಳಿದ್ದರೆ ವೈದ್ಯರು ಮಾತ್ರೆ ಕಡಿಮೆ ಮಾಡುತ್ತಿದ್ದರು ಅಥವಾ ಬದಲಿಸುತ್ತಿದ್ದರು, ಬಹಳಷ್ಟು ಜನರಲ್ಲಿ ಆಗ ಚಟ ತಗ್ಗುತ್ತದೆ. (ತಾವಾಗಿಯೇ ಮಾತ್ರೆ ನಿಲ್ಲಿಸುವುದು ಅಪಾಯ.) ಹಾಗಂತ ಎಲ್ಲ ಹೊಣೆಯನ್ನೂ ಮಾತ್ರೆಯ ತಲೆಗೆ ಕಟ್ಟುವಂತಿಲ್ಲ. ಅದೇ ಮಾತ್ರೆ ನುಂಗಿದ ಬಹುಪಾಲು ಜನ ಜೂಜಿಗೆ ಬೀಳಲಿಲ್ಲ. ಕುಟುಂಬದಲ್ಲಿ ಜೂಜಿನ ಹಿನ್ನೆಲೆ ಇದ್ದವರಿಗೆ ಅಪಾಯ ಹೆಚ್ಚು, ಮತ್ತು ಕೈಯಲ್ಲಿ ಮೊಬೈಲ್ ಇಲ್ಲದಿದ್ದರೆ ಆನ್‌ಲೈನ್ ರಮ್ಮಿಯೂ ಇಲ್ಲ.

ಬಗ್ಗುವ ಮರ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಇನ್ನೊಂದು ಗಾದೆಯಲ್ಲಿ ಸ್ವಲ್ಪ ಸತ್ಯವಿದೆ. ಎಳೆಯ ಮಿದುಳು ಬೇಗ ಕಲಿಯುತ್ತದೆ. ಕೆಲವು ಕಲಿಕೆಗಳಿಗೆ ನಿಗದಿತ ಕಾಲವಿದೆ ಎಂದೂ ವಿಜ್ಞಾನಿಗಳು ನಂಬಿದ್ದರು, ಮುಖ್ಯವಾಗಿ ನೋಟಕ್ಕೆ. ಅಮೆರಿಕದ ಎಂಐಟಿಯ ಪವನ್ ಸಿನ್ಹಾ ಭಾರತದಲ್ಲಿ ಆರಂಭಿಸಿದ ‘ಪ್ರಾಜೆಕ್ಟ್ ಪ್ರಕಾಶ್’ ಹುಟ್ಟಿನಿಂದಲೇ ಕಣ್ಣಿನ ಪೊರೆಯಿಂದ ಕುರುಡಾಗಿದ್ದ ಹಳ್ಳಿಯ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿತು. ಎಂಟು, ಹತ್ತು, ಹದಿನೇಳು ವರ್ಷ ದಾಟಿದವರಿಗೆ ನೋಟ ಬಂದು ಪ್ರಯೋಜನವೇನು ಎಂಬುದು ಆಗಿನ ಸಾಮಾನ್ಯ ಅಭಿಪ್ರಾಯ. ಮೊದಲ ದಿನಗಳಲ್ಲಿ, ಕೈಯಲ್ಲಿ ಮುಟ್ಟಿ ಗೊತ್ತಿದ್ದ ವಸ್ತು ಕಣ್ಣಿಗೆ ಬಿದ್ದರೂ ಅವರು ಗುರುತಿಸಲಿಲ್ಲ. ದಿನಗಳಲ್ಲೇ ಗುರುತಿಸಲು ಕಲಿಯತೊಡಗಿದರು. ನೋಟದ ಸೂಕ್ಷ್ಮತೆ ಪೂರ್ತಿಯಾಗಿ ಬರಲಿಲ್ಲ, ನಿಜ. ಆದರೆ ಮರ ಬಗ್ಗಿತು.

ವಯಸ್ಕರಲ್ಲೂ ಹೀಗೆ. ಲಂಡನ್‌ನಲ್ಲಿ ಟ್ಯಾಕ್ಸಿ ಪರವಾನಗಿ ಬೇಕಾದರೆ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ಎಲೀನರ್ ಮಗ್ವಾಯರ್ ತಂಡ ತರಬೇತಿಗೆ ಮುಂಚೆ ಮತ್ತು ಮೂರ್ನಾಲ್ಕು ವರ್ಷಗಳ ಬಳಿಕ ಕಲಿಕಾರ್ಥಿಗಳ ಮಿದುಳಿನ ಸ್ಕ್ಯಾನ್ ಮಾಡಿತು. ತೇರ್ಗಡೆಯಾದವರಲ್ಲಿ ಜಾಗದ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನ ಹಿಂಭಾಗ ಹಿಗ್ಗಿತ್ತು. ನಪಾಸಾದವರಲ್ಲಿ ಹಿಗ್ಗಿರಲಿಲ್ಲ. ಮಿದುಳು ವರ್ತನೆಯನ್ನು ರೂಪಿಸುವಂತೆ ವರ್ತನೆಯೂ ಮಿದುಳನ್ನು ರೂಪಿಸುತ್ತದೆ.

ಮಿದುಳು ಬದಲಾಗುತ್ತದೆ ಎಂದ ಕೂಡಲೇ ಬದಲಾಯಿಸಿಕೊಡುತ್ತೇವೆ ಎಂಬ ಅಂಗಡಿಗಳೂ ತೆರೆದುಕೊಳ್ಳುತ್ತವೆ. ‘ಮಿಡ್‌ಬ್ರೈನ್ ಆ್ಯಕ್ಟಿವೇಶನ್’ ಎಂಬ ಶಿಬಿರಗಳು ನಮ್ಮ ಊರುಗಳಿಗೂ ಬಂದವು. ಸಾವಿರಗಟ್ಟಲೆ ಶುಲ್ಕ, ಎರಡು ದಿನ ಸಂಗೀತ, ಆಮೇಲೆ ಮಗು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಪುಸ್ತಕ ಓದುತ್ತದಂತೆ! ನಡುಮಿದುಳು ಎಚ್ಚರಿಸಬೇಕಾದ ಅಂಗವಲ್ಲ. ಕಣ್ಣು ಹೊರಳಿಸುವುದರಿಂದ ಹಿಡಿದು ಎಚ್ಚರದಿಂದಿರುವ ತನಕ ಅದು ಸದಾ ದುಡಿಯುತ್ತಿರುತ್ತದೆ, ಅದು ಕೆಲಸ ನಿಲ್ಲಿಸಿದರೆ ಮಗು ಶಿಬಿರಕ್ಕೆ ನಡೆದು ಬರುವ ಸ್ಥಿತಿಯಲ್ಲೇ ಇರುವುದಿಲ್ಲ. ಮಕ್ಕಳು ಓದುವುದು ಮೂಗಿನ ಪಕ್ಕದ ಸಂದಿನಿಂದ ಕೆಳಗಿಣುಕಿ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಸಾರ್ವಜನಿಕವಾಗಿ ಬಯಲಿಗೆಳೆಯುತ್ತ ಬಂದಿದ್ದಾರೆ. ಹಣ ಹೋದದ್ದಕ್ಕಿಂತ ನಮಗೆ ಹೆಚ್ಚು ಕೆಡುಕೆನಿಸುವುದು ಬೇರೆ: ಅಪ್ಪ ಅಮ್ಮನನ್ನು ಮೆಚ್ಚಿಸಲು ಸುಳ್ಳು ಹೇಳಬೇಕೆಂದು ಆ ಮಗು ಕಲಿಯಿತು.

ಇನ್ನು ‘ಮನಸ್ಸು ಗಟ್ಟಿ ಮಾಡ್ಕೋ’ ಎಂಬ ಉಪದೇಶ. ಖಿನ್ನತೆ ಎಂದರೆ ಸೆರಟೋನಿನ್ ಕಡಿಮೆಯಾಗುವುದು ಎಂಬ ಸರಳ ವಿವರಣೆ ಈಗ ನಿಂತಿಲ್ಲ. ಆದರೂ ಔಷಧಿಗಳು ಅನೇಕರಿಗೆ ಫಲ ಕೊಡುತ್ತವೆ. ಮಾತಿನ ಚಿಕಿತ್ಸೆ, ನಿದ್ರೆ, ವ್ಯಾಯಾಮಗಳೂ ಕೊಡುತ್ತವೆ, ಯಾಕೆಂದರೆ ಅವೂ ತಲುಪುವುದು ಅದೇ ಮಿದುಳನ್ನು. ವಾರಗಟ್ಟಲೆ ಮಂಕು, ಸುಸ್ತು, ಮರೆವು, ಕಾರಣವಿಲ್ಲದ ಸಿಡುಕು ಇದ್ದವರಿಗೆ ವೈದ್ಯರು ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ, ಬಿ12 ವಿಟಮಿನ್ ಪರೀಕ್ಷೆ ಬರೆದುಕೊಟ್ಟರೆ ‘ಮನಸ್ಸಿನ ಕಾಯಿಲೆಗೆ ರಕ್ತ ಯಾಕೆ’ ಎಂದು ಬೇಸರಿಸಬೇಡಿ. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಖಿನ್ನತೆಯಂತೆಯೇ ಕಾಣುತ್ತದೆ, ಬಿ12 ಕೊರತೆ ಸಸ್ಯಾಹಾರಿಗಳಲ್ಲಿ ಹೆಚ್ಚು. ಎರಡಕ್ಕೂ ಮದ್ದಿದೆ. ವರದಿಯಲ್ಲಿ ಏನೂ ಕಾಣದಿದ್ದರೆ ಕಾಯಿಲೆಯೇ ಇಲ್ಲ ಎಂದಲ್ಲ, ಮನೋವೈದ್ಯರನ್ನು ಕಾಣುವ ಹೊತ್ತು ಅದು. ಕೂಡಲೇ ಹೋಗಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಕರೆಗೆ ಶುಲ್ಕವಿಲ್ಲ.